ಹಳೆಯ ಎಸ್‌ಯುವಿಗೆ ಬೆಲೆ ಕಟ್ಟುವುದು ಮೀಟರ್ ನೋಡಿ ಅಲ್ಲ

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರ್ 22ರಿಂದ ಹೊಸ ಗಾಡಿಗಳ ಮೇಲಿನ ಜಿಎಸ್‌ಟಿ ಇಳಿಯಿತು. ದೊಡ್ಡ ಎಸ್‌ಯುವಿಗಳಿಗೆ ಸೆಸ್ ಸೇರಿ ಶೇ 50 ಇದ್ದದ್ದು 40ಕ್ಕೆ ಬಂತು. ಬೊಲೆರೊದಂಥ, ನಾಲ್ಕು ಮೀಟರ್ ಉದ್ದದೊಳಗಿನ ಸಣ್ಣ ಡೀಸೆಲ್ ಗಾಡಿಗೆ 31 ಇದ್ದದ್ದು 18 ಆಯಿತು. ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯೂ ಇಳಿಯಬೇಕು. ಆದರೆ ನಮ್ಮ ಭಾಗದಲ್ಲಿ ಹಳೆಯ ಗಾಡಿ ಮಾರುವವರಲ್ಲಿ ಅನೇಕರು ಇಂದಿಗೂ ತಾವು ಕೊಂಡಾಗಿನ ಆನ್‌ರೋಡ್ ಬೆಲೆ ಹಿಡಿದು ವರ್ಷಕ್ಕಿಷ್ಟು ಕಳೆದು ಲೆಕ್ಕ ಹೇಳುತ್ತಾರೆ. ಕೊಳ್ಳುವವರು ‘ಎಷ್ಟ ಓಡೇತ್ರಿ?’ ಅಂತ ಒಂದು ಪ್ರಶ್ನೆ ಕೇಳಿ, ಅದರ ಮೇಲೆ ಚೌಕಾಶಿ ಶುರು ಮಾಡುತ್ತಾರೆ. ಎರಡೂ ಲೆಕ್ಕ ತಪ್ಪು. ಆ ಪ್ರಶ್ನೆಯ ಉತ್ತರಕ್ಕೆ ಲಕ್ಷ ರೂಪಾಯಿ ತೂಕ ಕೊಟ್ಟಿರುವುದರಿಂದಲೇ ಮೀಟರ್ ತಿರುಗಿಸುವವರ ಧಂದೆ ನಡೆದಿದೆ.

ಬೆಲ್ಟ್, ಕ್ಲಚ್, ಸಸ್ಪೆನ್ಷನ್ ಎಲ್ಲ ಬಿಲ್ ಸಮೇತ ಹೊಸದಾಗಿರುವ, 1,80,000 ಕಿ.ಮೀ. ಓಡಿದ ಗಾಡಿ, ಒಂದು ಕೆಲಸವೂ ಆಗದೆ 1,20,000 ಓಡಿದ ಗಾಡಿಗಿಂತ ಹೆಚ್ಚು ಬೆಲೆ ಬಾಳುತ್ತದೆ. ಮುಂದಿನ 40,000 ಕಿ.ಮೀ. ಒಳಗೆ ಯಾವ ಯಾವ ಬಿಲ್ ನಿಮ್ಮ ಕೈಗೆ ಬರಲಿದೆ ಎಂಬುದರ ಮೇಲೆ ಬೆಲೆ ನಿಲ್ಲಬೇಕು.

ಮೊದಲು ಬುಡದ ಬೆಲೆ ಹಿಡಿಯಬೇಕು. ಅದೇ ಮಾಡೆಲ್, ಅದೇ ವೇರಿಯಂಟ್, ಒಂದು ವರ್ಷ ಆಚೀಚೆ ಇರುವ ಎಂಟು-ಹತ್ತು ಗಾಡಿಗಳ ಬೆಲೆಯನ್ನು ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆಗಳಲ್ಲಿ ಕೇಳಿ ಬರೆದಿಡಿ. ತೀರಾ ಮೇಲಿನದು, ತೀರಾ ಕೆಳಗಿನದು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಅದು ‘ಹೇಳುವ’ ಬೆಲೆ. ‘ಮುಗಿಯುವ’ ಬೆಲೆ ಅದಕ್ಕಿಂತ ಶೇ 5ರಿಂದ 10 ಕಡಿಮೆ. ಹೊಸ ಗಾಡಿಯ ಶೋರೂಮಿನವರು ಎಕ್ಸ್‌ಚೇಂಜ್‌ಗೆ ಅಂಥ ಗಾಡಿಗೆ ಎಷ್ಟು ಕೊಡುತ್ತಾರೆಂದು ವಿಚಾರಿಸಿದರೆ ಕೆಳಗಿನ ಗೆರೆ ಸಿಗುತ್ತದೆ, ಡೀಲರ್ ಹೇಳುವುದು ಮೇಲಿನ ಗೆರೆ. ಇನ್ಶೂರೆನ್ಸ್ ಪಾಲಿಸಿಯ ಐಡಿವಿ, ಅಂದರೆ ವಿಮೆಗಾಗಿ ನಮೂದಿಸಿದ ಗಾಡಿಯ ಬೆಲೆ, ಇವೆರಡರಲ್ಲಿ ಯಾವುದೂ ಅಲ್ಲ. ಐದು ವರ್ಷದವರೆಗೆ ಅದು ಗೊತ್ತುಪಡಿಸಿದ ಸವಕಳಿ ಪಟ್ಟಿಯ ಪ್ರಕಾರ ಇಳಿಯುತ್ತದೆ, ಆಮೇಲೆ ಕಂಪನಿ ಮತ್ತು ಮಾಲೀಕರು ಒಪ್ಪಿಕೊಂಡ ಅಂಕಿ. ಇನ್ನೋವಾ, ಫಾರ್ಚುನರ್ ಐಡಿವಿಗಿಂತ ಮೇಲೆ ಮಾರಾಟವಾಗುವುದು ಸಾಮಾನ್ಯ. ಆಷಾಢದಲ್ಲಿ ಗಿರಾಕಿ ಕಡಿಮೆ, ಮಾತು ಸಲೀಸು. ಬ್ಯಾಡಗಿ ಪೇಟೆಯ ಮೆಣಸಿನಕಾಯಿ ರೊಕ್ಕ ಕೈಸೇರುವ ತಿಂಗಳುಗಳಲ್ಲಿ ಅದೇ ಗಾಡಿಗೆ ಅದೇ ಮಾಲೀಕ ಜಗ್ಗುವುದಿಲ್ಲ.

ಇನ್ನು ಕಳೆಯುವ ಲೆಕ್ಕ. ಇಲ್ಲಿ ಕೊಳ್ಳುವವರೂ ಅತಿ ಮಾಡುತ್ತಾರೆ. ಟೈರ್ ಸವೆದಿದೆ ಎಂದು ನಾಲ್ಕು ಹೊಸ ಟೈರಿನ ಪೂರ್ತಿ ಬೆಲೆ ಕಳೆಯಿರಿ ಎನ್ನುವುದು ನ್ಯಾಯವಲ್ಲ, ಏಕೆಂದರೆ ಸರಾಸರಿ ಬೆಲೆಯಲ್ಲಿ ಅರ್ಧ ಸವೆದ ಟೈರ್ ಆಗಲೇ ಲೆಕ್ಕಕ್ಕೆ ಸೇರಿದೆ. ಸವೆಯುವ ಸಾಮಾನಿಗೆ ಅರ್ಧ, ಕೆಟ್ಟ ಸಾಮಾನಿಗೆ ಪೂರ್ತಿ ಕಳೆಯಬೇಕು. ಉದಾಹರಣೆಗೆ ಒಂದು ಗಾಡಿಯ ಬುಡದ ಬೆಲೆ 7,00,000 ಎಂದು ಹಿಡಿಯಿರಿ. ಟೈರ್ ಮುಗಿದಿವೆ: 40,000ದಲ್ಲಿ ಅರ್ಧ 20,000. ಕ್ಲಚ್ ಕೊನೆಗೆ ಬಂದಿದೆ: 24,000ದಲ್ಲಿ 12,000. ಲೋವರ್ ಆರ್ಮ್, ಬುಷ್: 16,000ದಲ್ಲಿ 8,000. ಒಂದು ಇಂಜೆಕ್ಟರ್ ಕೆಟ್ಟಿದೆ, 22,000 ಪೂರ್ತಿ. ಎಸಿ ಕಂಪ್ರೆಸರ್ ಸೋರುತ್ತಿದೆ, 18,000 ಪೂರ್ತಿ. ಒಟ್ಟು 80,000 ಕಳೆದರೆ 6,20,000. ಇವು ಮಾದರಿ ಅಂಕಿಗಳು. ನಿಮ್ಮ ಗಾಡಿಯದಕ್ಕೆ ಬಿಡಿಭಾಗದ ಅಂಗಡಿಯಿಂದ ಕೊಟೇಷನ್ ಬರೆಸಿಕೊಂಡು ಹೋಗಿ. ಬಾಯಿಮಾತಿಗೆ ಇಳಿಯದ ಮಾಲೀಕ ಕಾಗದದ ಮುಂದೆ ಇಳಿಯುತ್ತಾನೆ. ಆರ್‌ಸಿ ವರ್ಗಾವಣೆ ಖರ್ಚು ಯಾವ ಗಾಡಿ ಕೊಂಡರೂ ಬರುವುದೇ, ಅದನ್ನು ಕಳೆಯಲು ಹೋಗಬೇಡಿ.

ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟಿಗೆ ಅರ್ಧದ ಲೆಕ್ಕವಿಲ್ಲ, ಅದರ ಆಯುಷ್ಯದಲ್ಲಿ ಎಷ್ಟು ಪಾಲು ಓಡಿದೆಯೋ ಖರ್ಚಿನ ಅಷ್ಟೇ ಪಾಲು ಕಳೆಯಬೇಕು. 2005ರಲ್ಲಿ ಬಂದ ಹಳೆಯ ಇನ್ನೋವಾದ 2.5 ಎಂಜಿನ್, ಹಳೆಯ ಫಾರ್ಚುನರ್‌ನ 3.0 ಎಂಜಿನ್‌ಗಳಲ್ಲಿ ಬೆಲ್ಟ್ ಬದಲಿಸಬೇಕಾದದ್ದು 1,50,000 ಕಿ.ಮೀ.ಗೆ. ಡಸ್ಟರ್ ಡೀಸೆಲ್‌ನದೂ ಬೆಲ್ಟೇ. ಸ್ಕಾರ್ಪಿಯೊದ ಎಂಹಾಕ್ ಎಂಜಿನ್‌ನಲ್ಲಿ, ಇನ್ನೋವಾ ಕ್ರಿಸ್ಟಾದಲ್ಲಿ ಬೆಲ್ಟ್ ಬದಲು ಚೈನು. ಬೆಲ್ಟ್ ಹರಿದರೆ ವಾಲ್ವ್ ಮತ್ತು ಪಿಸ್ಟನ್ ಒಂದಕ್ಕೊಂದು ಬಡಿದು ಎಂಜಿನ್ ಹೆಡ್ ಬಿಚ್ಚಿ ರಿಪೇರಿ ಮಾಡಿಸಬೇಕಾಗುತ್ತದೆ. ಡ್ಯಾಶ್‌ಬೋರ್ಡಿನ ಟೈಮಿಂಗ್ ಬೆಲ್ಟ್ ದೀಪ ಆರಿದೆ ಎಂದರೆ ಬೆಲ್ಟ್ ಬದಲಾಗಿದೆ ಎಂದಲ್ಲ, ದೀಪವನ್ನಷ್ಟೇ ರೀಸೆಟ್ ಮಾಡಲು ಬರುತ್ತದೆ. ಬೆಲ್ಟ್, ಟೆನ್ಷನರ್ ಎರಡರ ಬಿಲ್ಲೂ, ಅದರಲ್ಲಿ ಕಿಲೋಮೀಟರ್ ಅಂಕಿಯೂ ಇದ್ದರೆ ಮಾತ್ರ ನಂಬಿ.

ಬೆಲ್ಟ್ ಇರುವ ಅದೇ ಹಳೆಯ ಟೊಯೊಟಾ ಡೀಸೆಲ್‌ಗಳಲ್ಲಿ (ಇನ್ನೋವಾ, ಫಾರ್ಚುನರ್) ಇನ್ನೊಂದು ಅಡಗಿದ ರೋಗವಿದೆ, ಹೊರಗಿನಿಂದ ನೋಡುವವರಿಗೆ ತಿಳಿಯುವುದಿಲ್ಲ. ಇಂಜೆಕ್ಟರ್ ಕೂರುವ ಜಾಗದ ತಾಮ್ರದ ವಾಷರ್ ಸೋರತೊಡಗಿದರೆ ಉರಿದ ಗ್ಯಾಸು ಮೇಲಿನ ಕವರಿನೊಳಗೆ ನುಗ್ಗಿ ಆಯಿಲ್ಲನ್ನು ಕೆಡಿಸುತ್ತದೆ. ಮಸಿ ಗಟ್ಟಿಯಾಗಿ ತಳದ ಚೇಂಬರಿಗೆ ಇಳಿದು ಆಯಿಲ್ ಸ್ಟ್ರೈನರಿನ ಜಾಳಿಗೆ ಕಟ್ಟಿಕೊಳ್ಳುತ್ತದೆ, ಒತ್ತಡ ಬೀಳುತ್ತದೆ, ಬೇರಿಂಗ್ ಹೋಗುತ್ತದೆ. ಆಯಿಲ್ ತುಂಬುವ ಮುಚ್ಚಳದ ಒಳಮೈಗೆ ಡಾಂಬರಿನಂಥ ಗಟ್ಟಿ ಕಪ್ಪು ಅಂಟಿದ್ದರೆ ಚೇಂಬರ್ ಬಿಚ್ಚಿ ಸ್ಟ್ರೈನರ್ ನೋಡದೆ ಬೆಲೆಯ ಮಾತು ಬೇಡ. ಡೀಸೆಲ್ ಆಯಿಲ್ ಕಪ್ಪಗಿರುವುದು ಸಹಜ, ಗಟ್ಟಿಯಾಗಿರುವುದು ಸಹಜವಲ್ಲ.

ಎಂಜಿನ್ ತಣ್ಣಗಿದ್ದಾಗಲೇ ನೋಡಬೇಕು. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ. ಚಾಲೂ ಮಾಡಿದಾಗ ಕ್ಷಣಕಾಲ ಬರುವ ತೆಳು ಹೊಗೆ ಚಿಂತೆಯಲ್ಲ. ನಿಲ್ಲದ ನೀಲಿ ಹೊಗೆ ಆಯಿಲ್ ಉರಿಯುವುದು, ಕಾದ ಮೇಲೂ ಬಿಡದ ಬಿಳಿ ಹೊಗೆ ಇಂಜೆಕ್ಟರ್ ಇಲ್ಲವೇ ಕೂಲಂಟ್ ಕಡೆಯದು. ಐಡಲ್‌ನಲ್ಲಿ ಆಯಿಲ್ ಮುಚ್ಚಳ ಸಡಿಲಿಸಿ ಅಲ್ಲೇ ಇಡಿ. ಸ್ವಲ್ಪ ನಡುಗಿದರೆ ಸರಿ, ಹಾರಿ ಬಿದ್ದು ಹೊಗೆ ಉಗುಳಿದರೆ ರಿಂಗ್ ಸವೆದಿವೆ. ತಣ್ಣಗಿನ ಎಂಜಿನ್ ಶುರುವಾದ ಒಂದೆರಡು ನಿಮಿಷಕ್ಕೇ ರೇಡಿಯೇಟರ್ ಪೈಪು ಕಲ್ಲಿನಂತೆ ಬಿಗಿಯಾದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಇರಲಿ. ಇಂಟರ್‌ಕೂಲರ್ ಪೈಪಿನಲ್ಲಿ ಆಯಿಲಿನ ತೆಳು ಪದರ ಇದ್ದೇ ಇರುತ್ತದೆ, ನಿಂತ ಆಯಿಲ್ ಇದ್ದರೆ ಟರ್ಬೊ ಬಿಲ್ ದೂರವಿಲ್ಲ. 2020ರ ನಂತರದ ಬಿಎಸ್6 ಡೀಸೆಲ್‌ಗೆ ಇನ್ನೊಂದು ನೋಟ ಬೇಕು: ಊರೊಳಗೇ ಓಡಿದ ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಮಸಿಯನ್ನು ಪೂರ್ತಿ ಸುಟ್ಟು ಸ್ವಚ್ಛವಾಗುವುದಿಲ್ಲ, ಡೀಸೆಲ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಗರಿಷ್ಠ ಗೆರೆ ದಾಟಿದ್ದರೆ ಅದೇ ಗುರುತು.

ಕ್ಲಚ್ ನೋಡಲು ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟದ ಏರು ಸಾಕು. ಮೂರನೇ ಗೇರಿನಲ್ಲಿ ಕಡಿಮೆ ಆರ್‌ಪಿಎಂನಿಂದ ಆಕ್ಸಿಲರೇಟರ್ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಎಕ್ಸ್‌ಯುವಿ500ನಂಥ, ಡ್ಯುಯಲ್ ಮಾಸ್ ಫ್ಲೈವೀಲ್ (ನಡುಕ ತಗ್ಗಿಸಲು ಎರಡು ಭಾಗದಲ್ಲಿ ಮಾಡಿದ ಎಂಜಿನ್ ಗಾಲಿ) ಇರುವ ಗಾಡಿಯಲ್ಲಿ ಬಂದ್ ಮಾಡುವಾಗ ಗಡಗಡ ಎಂದರೆ ಬರೀ ಪ್ಲೇಟಿನ ಖರ್ಚಿಗೆ ಮುಗಿಯುವುದಿಲ್ಲ. ಬೈಪಾಸ್‌ನಲ್ಲಿ 80ರ ವೇಗದಲ್ಲಿ ನೆಲದಿಂದ ಬರುವ ನಡುಕ ಪ್ರೊಪೆಲರ್ ಶಾಫ್ಟಿನ ಜಾಯಿಂಟಿನದು ಇರಬಹುದು, ಸ್ಟೇರಿಂಗ್‌ನಲ್ಲಷ್ಟೇ ಇದ್ದರೆ ಬ್ಯಾಲೆನ್ಸಿಂಗ್‌ನದು. ಮುಂದಿನ ಟೈರಿನ ಒಳ ಅಂಚು ಮಾತ್ರ ಸವೆದಿದ್ದರೆ ಬಾಲ್ ಜಾಯಿಂಟ್, ಬುಷ್ ನೋಡಿಸಿ.

ಸ್ಕಾರ್ಪಿಯೊ, ಬೊಲೆರೊ, ಇನ್ನೋವಾಗಳ ಕೆಳಗೆ ಮಲಗಿ ಚಾಸಿ ನೋಡದೆ ಕೊಳ್ಳಬಾರದು. ನವಲಗುಂದ, ನರಗುಂದ, ರೋಣದ ಕಡೆಯ ಎರೆ ಮಣ್ಣು ಚಾಸಿಯ ಪೊಳ್ಳಿನೊಳಗೆ ತುಂಬಿ ತಿಂಗಳುಗಟ್ಟಲೆ ಹಸಿ ಹಿಡಿದಿಟ್ಟು ಒಳಗಿನಿಂದ ತಿನ್ನುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದಾಗ ಟಣ್ ಎನ್ನಬೇಕು, ಮಂಕಾಗಿ ಕೇಳಿದರೆ ಮಣ್ಣು ತುಂಬಿದೆ ಅಥವಾ ತಗಡು ತೆಳುವಾಗಿದೆ. ಹೊಸದಾಗಿ ಕಪ್ಪು ಬಣ್ಣ ಬಳಿದ ಚಾಸಿ ಇನ್ನೂ ಅನುಮಾನದ್ದು. 2019ರ ಆಗಸ್ಟಿನಲ್ಲಿ ಮಲಪ್ರಭಾ ನೆರೆಗೆ ಕೊಣ್ಣೂರು ಮುಳುಗಿತ್ತು; 2019 ಮತ್ತು 2021ರಲ್ಲಿ ಕೊಲ್ಹಾಪುರ, ಸಾಂಗ್ಲಿಯೂ ಮುಳುಗಿದ್ದವು. ಆ ವರ್ಷಗಳಿಗಿಂತ ಹಳೆಯ ಗಾಡಿಯಾದರೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಸೀಟು ತೊಳೆಯುತ್ತಾರೆ, ಬೆಲ್ಟಿನ ಕೊನೆಯ ಮೊಳ ತೊಳೆಯುವುದನ್ನು ಮರೆಯುತ್ತಾರೆ.

ಮೀಟರಿನ ಮಾತು ಪೂರ್ತಿ ಬಿಡಬೇಕಿಲ್ಲ, ಸಾಕ್ಷಿ ಕೇಳಿದರೆ ಸಾಕು. ಕಂಪನಿ ಸರ್ವಿಸ್ ಸೆಂಟರಿನ ಕಂಪ್ಯೂಟರಿನಲ್ಲಿ ಪ್ರತಿ ಸರ್ವಿಸಿನ ಕಿಲೋಮೀಟರ್ ಇರುತ್ತದೆ, ಮಾಲೀಕರನ್ನು ಜೊತೆಗೆ ಕರೆದೊಯ್ದು ಪ್ರಿಂಟ್ ತೆಗೆಸಿ. ಟೈರಿನ ಮೇಲೆ ಡಿಒಟಿ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕಂಕಿ ಓದಿ, ಅದು ಟೈರ್ ತಯಾರಾದ ವಾರ: 2322 ಎಂದರೆ 2022ರ 23ನೇ ವಾರ. 2017ರ ಗಾಡಿಗೆ ಮೀಟರ್ 38,000 ತೋರಿಸುತ್ತ ಟೈರ್ 2020ರವು ಆಗಿದ್ದು ಅವೂ ಬೋಳಾಗಿದ್ದರೆ ಲೆಕ್ಕ ಕೂಡುವುದಿಲ್ಲ. ಗಾಡಿಯ ಕಂಪ್ಯೂಟರ್ ಓದುವ ಸಣ್ಣ ಒಬಿಡಿ ಸ್ಕ್ಯಾನರ್ ಜೋಡಿಸಿ ‘ಕೋಡ್ ಅಳಿಸಿದ ಮೇಲೆ ಓಡಿದ ದೂರ’ ನೋಡಿ. ಅಲ್ಲಿ 12 ಕಿ.ಮೀ. ಎಂದಿದ್ದರೆ ನಿಮಗೆ ತೋರಿಸುವ ಮುನ್ನ ದೋಷಗಳನ್ನು ಅಳಿಸಿದ್ದಾರೆ. ಇನ್ನೋವಾ ಬಿಳಿ ಬೋರ್ಡ್ ಇದ್ದರೂ ಮೊದಲು ಹಳದಿ ಬೋರ್ಡಿನಲ್ಲಿ ದುಡಿದಿರಬಹುದು. ಆಕ್ಸಿಲರೇಟರ್ ಪೆಡಲ್ ಬಳಿ ಸ್ಪೀಡ್ ಗವರ್ನರಿನ ಕತ್ತರಿಸಿದ ವೈರು, ಬಾಗಿಲ ಮೇಲೆ ಕಿತ್ತ ಅಕ್ಷರಗಳ ಮಾಸಲು ಗುರುತು ಅದನ್ನು ಹೇಳಿಬಿಡುತ್ತವೆ. ಟ್ಯಾಕ್ಸಿಯಾಗಿತ್ತು ಎಂಬುದೊಂದೇ ದೋಷವಲ್ಲ, ಆದರೆ ಬೆಲೆ ಟ್ಯಾಕ್ಸಿಯದೇ ಇರಬೇಕು.

ಕಾಗದಪತ್ರದಲ್ಲಿಯೂ ಬೆಲೆ ಅಡಗಿರುತ್ತದೆ. ಹಳೆಯ ಪಾಲಿಸಿಯಲ್ಲಿ ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಕ್ಕೆ ಸಿಗುವ ರಿಯಾಯಿತಿ) ಸೊನ್ನೆ ಇದ್ದರೆ ಹಿಂದಿನ ವರ್ಷ ಕ್ಲೇಮ್ ಆಗಿರಬಹುದು ಅಥವಾ ಪಾಲಿಸಿ ತುಂಡಾಗಿರಬಹುದು. ಹೊರರಾಜ್ಯದ ಗಾಡಿ ಅಗ್ಗವಾಗಿ ಕಂಡರೆ ಇಲ್ಲಿ ಕಟ್ಟಬೇಕಾದ ಲೈಫ್ ಟ್ಯಾಕ್ಸ್ ಕೂಡಿಸಿದ ಮೇಲೆ ಹೋಲಿಸಿ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ಬಂದ ನಿರ್ಬಂಧದಿಂದ ಅಲ್ಲಿನವು ದಕ್ಷಿಣಕ್ಕೆ ಅಗ್ಗದ ದರದಲ್ಲಿ ಬಂದಿವೆ. 15 ವರ್ಷದ ಹತ್ತಿರ ಬಂದ ಗಾಡಿಗೆ ನೋಂದಣಿ ನವೀಕರಣ, ಫಿಟ್‌ನೆಸ್ ಖರ್ಚು ಕಳೆಯಬೇಕು. ಡೀಲರ್ ಬಳಿ ಕೊಂಡರೆ ಜಿಎಸ್‌ಟಿ ಶೇ 18 ಬೀಳುವುದು ಅವರ ಲಾಭದ ಅಂತರದ ಮೇಲೆ, ಪೂರ್ತಿ ಬೆಲೆಯ ಮೇಲಲ್ಲ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30, ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಜೊತೆ ಸಾಲದ ನಮೂದು ತೆಗೆಸುವ ಫಾರ್ಮ್ 35, ಹೊರರಾಜ್ಯದ್ದಾದರೆ ಆರ್‌ಟಿಒ ಎನ್‌ಒಸಿಯ ಫಾರ್ಮ್ 28 ಕೈಗೆ ಬಂದ ಮೇಲೆಯೇ ಕೊನೆಯ ಕಂತಿನ ರೊಕ್ಕ ಕೊಡಿ. ಮಾರುವವರಿಗೂ ಇದು ಬೇಕಾದದ್ದೇ: ವರ್ಗಾವಣೆ ದಾಖಲಾಗದೆ ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಪತ್ರಿಕೆಯ ವರ್ಗೀಕೃತ ಜಾಹೀರಾತು ವಿಭಾಗಕ್ಕೆ ಒಂದು ವಿನಂತಿ. ಹಳೆಯ ಗಾಡಿಯ ಜಾಹೀರಾತು ತೆಗೆದುಕೊಳ್ಳುವಾಗ ಕೊನೆಯ ಕಂಪನಿ ಸರ್ವಿಸಿನ ತಿಂಗಳು ಮತ್ತು ಕಿ.ಮೀ., ಟೈಮಿಂಗ್ ಬೆಲ್ಟ್ ಬದಲಿಸಿದ ಕಿ.ಮೀ., ಸಾಲ ತೀರಿದೆಯೇ ಇಲ್ಲವೇ ಎಂಬ ಮೂರು ವಿವರ ಕಡ್ಡಾಯವಾಗಿ ಕೇಳಬೇಕು. ಎರಡು ಸಾಲು ಹೆಚ್ಚಾದರೆ ಅದರ ದರವನ್ನು ಜಾಹೀರಾತು ಕೊಡುವವರೇ ಕೊಡಲಿ.

– ಓದುಗ, ಹುಬ್ಬಳ್ಳಿ