ಭಾನುವಾರ ಸೈಕಲ್ಲಿನಲ್ಲಿ ನಂದಿ ಬೆಟ್ಟಕ್ಕೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬೆಳಗಿನ ಜಾವ ಕತ್ತಲಿರುವಾಗಲೇ ಹೆಬ್ಬಾಳದಿಂದ ಹೊರಡುತ್ತೇವೆ. ಆ ಹೊತ್ತಿನಲ್ಲಿ ಬಳ್ಳಾರಿ ರಸ್ತೆಯ ಮೇಲೆ ವಿಮಾನ ನಿಲ್ದಾಣದ ಟ್ಯಾಕ್ಸಿಗಳ ಓಟ ಜೋರು. ಸರ್ವಿಸ್ ರಸ್ತೆ ಇರುವಷ್ಟು ದೂರ ಅದರಲ್ಲೇ ಹೋಗೋಣ, ಮೇಲ್ಸೇತುವೆ ಹತ್ತುವುದು ಬೇಡ.

ರಸ್ತೆಯ ಅಂಚಿಗೆ ಅಂಟಿಕೊಂಡು ಹೋದರೆ ಕ್ಷೇಮ ಎಂದು ಹಲವರು ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ಅಂಚಿನಲ್ಲಿ ಜಲ್ಲಿ, ಚರಂಡಿಯ ಜಾಲರಿ, ಒಡೆದ ಗಾಜು ಇರುತ್ತವೆ. ಅವನ್ನು ತಪ್ಪಿಸಲು ಥಟ್ಟನೆ ಬಲಕ್ಕೆ ಹೊರಳಿದಾಗಲೇ ಅಪಾಯ. ಅಂಚಿನಿಂದ ಸುಮಾರು ಒಂದು ಮೀಟರ್ ಬಿಟ್ಟು, ನೇರ ಗೆರೆಯಲ್ಲಿ ಸಾಗಿ. ನಿಂತ ಕಾರುಗಳ ಪಕ್ಕದಲ್ಲೂ ಅಷ್ಟೇ ಜಾಗ ಬಿಡಿ, ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು. ಕಾರು ನಮ್ಮನ್ನು ಸುರಕ್ಷಿತವಾಗಿ ದಾಟಲಾಗದಷ್ಟು ರಸ್ತೆ ಕಿರಿದಾದ ಕಡೆ, ಹಿಂದೆ ನೋಡಿ, ಬಲಗೈ ಚಾಚಿ, ಲೇನಿನ ಮಧ್ಯಕ್ಕೆ ಬನ್ನಿ. ಜಾಗ ಸಿಕ್ಕ ಕೂಡಲೇ ಎಡಕ್ಕೆ ಸರಿದು ದಾರಿ ಬಿಡಿ.

ಬಸ್ ಅಥವಾ ಲಾರಿಯ ಎಡಪಕ್ಕದಲ್ಲಿ ನುಸುಳುವುದು ಖಂಡಿತ ಬೇಡ. ಅಲ್ಲಿರುವ ಸೈಕಲ್ಲು ಅವುಗಳ ಚಾಲಕರ ಕಣ್ಣಿಗೆ ಬೀಳುವುದೇ ಇಲ್ಲ.

ಹಿಂದಿನ ಕೆಂಪು ದೀಪ ಕಡ್ಡಾಯ. ಸೀಟಿನ ಕೆಳಗೆ ಕಟ್ಟುವ ಚೀಲವೋ ಜೋತುಬಿದ್ದ ಜಾಕೆಟ್ಟೋ ಅದನ್ನು ಮುಚ್ಚಿರಬಹುದು. ಹೊರಡುವ ಮುನ್ನ ಒಬ್ಬರ ಸೈಕಲನ್ನು ಇನ್ನೊಬ್ಬರು ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ. ಮಿಟುಕುವ ದೀಪ ಹಿಂದಿನ ಸವಾರನ ಕಣ್ಣು ಕುಕ್ಕುತ್ತದೆ. ಗುಂಪಿನಲ್ಲಿ ಸ್ಥಿರವಾಗಿ ಉರಿಸಿ. ಬೆಳಕು ಪ್ರತಿಫಲಿಸುವ ಮೇಲಂಗಿ ಇಲ್ಲದವರು ಶನಿವಾರ ಸಂಜೆಯೊಳಗೆ ಇಲ್ಲಿ ತಿಳಿಸಿ, ನನ್ನ ಬಳಿ ಎರಡು ಹೆಚ್ಚುವರಿ ಇವೆ.