ಹಲಗೆ ಬೆಲೆ ಏರಿದ್ದು ಯಾಕೆ: ನಮ್ಮ ಗ್ರಾಹಕರಿಗೆ

ನಮಸ್ಕಾರ.

ಈ ತಿಂಗಳಿಂದ ಸಿಲ್ವರ್ ಓಕ್ ಹಲಗೆ ಬೆಲೆ ನೂರಕ್ಕೆ ಹನ್ನೆರಡು ರೂಪಾಯಿ ಜಾಸ್ತಿಯಾಗಿದೆ. ಮೊದಲೇ ತಿಳಿಸದೆ ನೇರವಾಗಿ ಬಿಲ್ಲಿನಲ್ಲಿ ಹಾಕಿದ್ದು ನಮ್ಮ ತಪ್ಪು. ಕ್ಷಮಿಸಿ.

ಇಷ್ಟು ವರ್ಷ ಕೊಡಗಿನ ಕಾಫಿ ತೋಟಗಳಿಂದ ಹಸಿ ದಿಮ್ಮಿಗಳನ್ನೇ ತರಿಸುತ್ತಿದ್ದೆವು. ದಿಮ್ಮಿ ಸೀಳಿದರೆ ಹೆಚ್ಚುಕಡಿಮೆ ಅರ್ಧ ತೊಗಟೆ, ಚಕ್ಕೆ, ಹೊಟ್ಟಿಗೇ ಹೋಗುತ್ತದೆ. ಉಳಿದ ಹಲಗೆಯಲ್ಲೂ ಬರೀ ನೀರು. ಹೋದ ವರ್ಷ ಒಂದು ಹಸಿ ಹಲಗೆ ತೂಗಿದೆವು, 18 ಕೆಜಿ. ನಾಲ್ಕು ತಿಂಗಳು ನೆರಳಲ್ಲಿ ಒಣಗಿಸಿ ತೂಗಿದರೆ 11. ಆ ಏಳು ಕೆಜಿ ನೀರನ್ನು ಡೀಸೆಲ್ ಸುಟ್ಟು ಬೆಂಗಳೂರಿಗೆ ಹೊತ್ತು ತಂದಿದ್ದೆವು. ನಮ್ಮ ಲಾರಿ ಹೋಗಿ ಬರಲು 125 ಲೀಟರ್ ಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ಅಂದರೆ ಒಂದು ಟ್ರಿಪ್ಪಿಗೆ 300 ಕೆಜಿಗೂ ಮೇಲೆ. ಮರ ಕಡಿಯುವ ಗರಗಸ ಕುಡಿಯುವ ಪೆಟ್ರೋಲು ಇದರ ಮುಂದೆ ಏನೂ ಅಲ್ಲ.

ಈಗ ತೋಟದ ಹತ್ತಿರವೇ ಸೀಳಿಸಿ, ಅಲ್ಲೇ ಒಣಗಿಸಿ ತರುತ್ತೇವೆ. ಮೂರು ಲೋಡು ದಿಮ್ಮಿಯ ಹಲಗೆ ಒಂದೇ ಲೋಡಿನಲ್ಲಿ ಬರುತ್ತದೆ.

"ಹಾಗಾದ್ರೆ ಲಾರಿ ಬಾಡಿಗೆ ಉಳೀತಲ್ಲ, ಬೆಲೆ ಯಾಕೆ ಏರಿಸಿದ್ರಿ?" ಅಂತ ದಿನಾ ಒಬ್ಬರಾದರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಬಾಡಿಗೆ ಉಳಿದಿದೆ, ನಿಜ. ಆದರೆ ಮಳೆಗಾಲದಲ್ಲಿ ಕಡಿದ ಮರವನ್ನು ಇನ್ನು ಕೊಳ್ಳುವುದಿಲ್ಲ. ಕೆಸರಲ್ಲಿ ಟ್ರಾಕ್ಟರ್ ದಿಮ್ಮಿ ಎಳೆದರೆ ಚಕ್ರ ಹೂತು ಡೀಸೆಲ್ ಜಾಸ್ತಿ ಕುಡಿಯುತ್ತದೆ, ತೋಟದ ಮೇಲ್ಮಣ್ಣೂ ಕೊಚ್ಚಿ ಹೋಗುತ್ತದೆ. ಹಾಗಾಗಿ ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವುದರೊಳಗೆ ಇಡೀ ವರ್ಷದ ಮರ ಒಟ್ಟಿಗೇ ಕೊಳ್ಳಬೇಕು. ಆ ಹಣವೆಲ್ಲ ಸಾಲ. ಹಲಗೆ ಶೆಡ್ಡಿನಲ್ಲಿ ಒಣಗುತ್ತಾ ಬಿದ್ದಿರುತ್ತದೆ, ಬಡ್ಡಿ ಓಡುತ್ತಲೇ ಇರುತ್ತದೆ. ಶೆಡ್ಡಿಗೆ ಬಾಡಿಗೆ. ಕೊಂಬೆ, ಸೊಪ್ಪಿಗೆ ಬೆಂಕಿ ಹಾಕದೆ ಸಾಲಾಗಿ ಹಾಕಿ ಮಣ್ಣಿಗೇ ಬಿಡುವವರಿಗೆ ಹೆಚ್ಚು ಕೂಲಿ. ಸುಮ್ನೆ ಪರಿಸರದ ಹೆಸರು ಹೇಳಿ ಲಾಭ ಮಾಡಿಕೊಳ್ಳುತ್ತಿದ್ದೀರಿ ಅಂತ ಕೆಲವರು ಅಂದರು. ಹಾಗೆ ಮಾಡಿಕೊಂಡಿಲ್ಲ. ಆ ಮಾತು ಕೇಳಿದಾಗ ನಿಜಕ್ಕೂ ನೋವಾಯಿತು.

ಹಸಿ ಮರದಿಂದಾಗಿ ಹೋದ ಮಳೆಗಾಲದಲ್ಲಿ ಕೆಲವರ ಬೀರು ಬಾಗಿಲು ಸೊಟ್ಟಗಾಗಿತ್ತು, ಅಲ್ವಾ? ಅದು ನಮಗೂ ಮರೆತಿಲ್ಲ. ಅಂಥವರು ಫೋನ್ ಮಾಡಿ, ದುಡ್ಡು ತೆಗೆದುಕೊಳ್ಳದೆ ಹೊಸ ಬಾಗಿಲು ಹಾಕಿಕೊಡುತ್ತೇವೆ. ಈಗಿನ ಹಲಗೆಗೆ ತೇವದ ಮೀಟರ್ ಹಿಡಿದರೆ ಶೇಕಡಾ 12, 13 ತೋರಿಸುತ್ತದೆ. ಇಷ್ಟು ಚೆನ್ನಾಗಿ ಒಣಗಿದ ಮರವನ್ನು ನಾವು ಹಿಂದೆಂದೂ ಕೊಟ್ಟಿರಲಿಲ್ಲ.

ಅಡ್ವಾನ್ಸ್ ಕೊಟ್ಟವರಿಗೆಲ್ಲ ಹಳೇ ಬೆಲೆಯೇ. ಬಿಲ್ಲು ತನ್ನಿ, ವ್ಯತ್ಯಾಸದ ಹಣ ಅಲ್ಲೇ ವಾಪಸ್ ಕೊಡುತ್ತೇವೆ.

ಇಂತಿ,
ನಿಮ್ಮ ಬಡಗಿಗಳ ಸಹಕಾರ ಸಂಘ
ಮೈಸೂರು ರಸ್ತೆ, ಬೆಂಗಳೂರು