49 ರೂಪಾಯಿಯ ಕೊಲೆ

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ತಡವಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡ. ಕಾದಂಬರಿ ಪೂರ್ತಿ ಓದಿದ ಮೇಲೇ ಬರೆಯೋಣ ಅಂತ ಸುಮ್ಮನಿದ್ದೆ. ಮುನ್ನೂರು ಪುಟವನ್ನು ಫೋನಿನಲ್ಲಿ ಓದಿ ಕಣ್ಣು ಉರಿಯಿತು. ಆದರೂ ಓದಿಸಿಕೊಂಡು ಹೋಯಿತು. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಕೊಲೆ ಮಾಡಿಸಿದ್ದೀಯಲ್ಲ, ಅದಕ್ಕೊಂದು ಶಭಾಷ್. ನಾನು ಈ ಊರಲ್ಲೇ ಹುಟ್ಟಿದವಳು. ನಲವತ್ತು ವರ್ಷ ಪತ್ತೇದಾರಿ ಬರೆದಿದ್ದೇನೆ. ನನಗೆ ಹೊಳೆದಿರಲಿಲ್ಲ ನೋಡು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಆದರೆ ನೀನು ಕಥೆಯ ಬಗ್ಗೆ ಒಂದು ಮಾತೂ ಕೇಳಿಲ್ಲ. ಕೇಳಿದ್ದೆಲ್ಲ ಬೆಲೆಯ ಬಗ್ಗೆ. ‘ಅಕ್ಕಾ, ಇ-ಬುಕ್ ಬಿಡ್ತಿದ್ದೀನಿ. 49ಕ್ಕೆ ಇಡಲಾ, 99ಕ್ಕೆ ಇಡಲಾ, ಇಲ್ಲಾ ಒಂದು ವಾರ ಪುಕ್ಕಟೆ ಕೊಟ್ಟುಬಿಡಲಾ? ಥ್ರಿಲ್ಲರ್ ಓದೋರು ಡಿಸ್ಕೌಂಟ್ ಇದ್ದರೇನೇ ತಗೊಳ್ಳೋದಂತೆ.’

ಅಗ್ಗಕ್ಕೆ ಮಾರೋದರಲ್ಲಿ ನಾಚಿಕೆ ಏನಿಲ್ಲಪ್ಪ. ಕನ್ನಡದಲ್ಲಿ ಪತ್ತೇದಾರಿ ಬೆಳೆದಿದ್ದೇ ಅಗ್ಗದ ಕಾಗದದ ಮೇಲೆ. ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೇ ಕ್ಲಾಸು, ಬರೆದದ್ದು ನೂರಾರು ಪತ್ತೇದಾರಿ ಕಾದಂಬರಿ. ಅಂಥ ಪುಸ್ತಕಗಳನ್ನು ಜನ ಬಾಡಿಗೆಗೆ ತಂದರು, ಪಕ್ಕದ ಮನೆಯಿಂದ ಕಡ ತಂದರು, ಪಠ್ಯಪುಸ್ತಕದ ನಡುವೆ ಇಟ್ಟುಕೊಂಡು ಓದಿದರು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಬೀದಿಯ ಬಾಡಿಗೆ ಲೈಬ್ರರಿಯಲ್ಲಿ ದಿನಕ್ಕೆ ಹತ್ತು ಪೈಸೆ. ಎರಡನೇ ದಿನದ ಹತ್ತು ಪೈಸೆ ಉಳಿಸೋದಕ್ಕೆ ಒಂದೇ ರಾತ್ರಿಯಲ್ಲಿ ಮುಗಿಸುತ್ತಿದ್ದೆ. ‘ಅಕ್ಕ ಎಷ್ಟು ಬೇಗ ಓದ್ತಾರೆ’ ಅಂತ ಹೊಗಳಿದ್ದೀಯ. ಅದು ಜಾಣತನ ಅಲ್ಲ, ಬಾಡಿಗೆಯ ಭಯ.

ಆದರೆ ಅಗ್ಗ ಬೇರೆ, ಗಾಬರಿ ಬೇರೆ. ಗೂಡಿನ ಮಾರುಕಟ್ಟೆ ನೀನು ನೋಡಿದ್ದೀಯ. ರೈತ ತಂದ ಗೂಡನ್ನು ಮನೆಗೆ ವಾಪಸ್ ಒಯ್ಯೋ ಹಾಗಿಲ್ಲ. ಹುಳ ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ಒಂದೇ ಸಮ ಬರೋದಿಲ್ಲ. ಅದಕ್ಕೇ ರೇಟು ಬಿದ್ದ ದಿನವೂ ರೈತ ಬೈದುಕೊಂಡು ಕೊಟ್ಟು ಹೋಗುತ್ತಾನೆ. ಪಕ್ಕದ ಕೋಲಾರದ ಟೊಮೇಟೊ ಕಥೆಯೂ ಅದೇ ಅಲ್ವಾ? ನಿನ್ನ ಇ-ಬುಕ್ಕಿಗೆ ಆ ಗತಿ ಇಲ್ಲ. ಕೊಳೆಯೋದಿಲ್ಲ, ಚಿಟ್ಟೆ ಏಳೋದಿಲ್ಲ, ಗೋಡೌನಿನ ಬಾಡಿಗೆಯೂ ಇಲ್ಲ. ಮತ್ತೆ ಬಿಡುಗಡೆಯ ದಿನವೇ ಅರ್ಧ ರೇಟಿಗೆ ಕೂಗೋದು ಯಾಕೆ?

ಇಂಗ್ಲಿಷಿನವರು ಈ ಡಿಸ್ಕೌಂಟ್ ವ್ಯಾಪಾರವನ್ನು ಹೇಗೆ ಮಾಡುತ್ತಾರೆ ನೋಡು. ಬುಕ್‌ಬಬ್ ಅಂತ ಒಂದಿದೆ, 2012ರಲ್ಲಿ ಶುರುವಾಗಿದ್ದು. ನಿನಗೆ ಮಿಸ್ಟರಿ ಇಷ್ಟ, ಥ್ರಿಲ್ಲರ್ ಇಷ್ಟ ಅಂತ ಹೇಳಿದರೆ ಸಾಕು, ಇವತ್ತು ಯಾವ ಪುಸ್ತಕದ ಬೆಲೆ ಇಳಿದಿದೆ ಅಂತ ದಿನಾ ಈಮೇಲ್ ಬರುತ್ತದೆ. ಓದುಗರಿಗೆ ಪುಕ್ಕಟೆ. ಆ ಪಟ್ಟಿಗೆ ಸೇರೋದಕ್ಕೆ ಲೇಖಕರೋ ಪ್ರಕಾಶಕರೋ ದುಡ್ಡು ಕಟ್ಟಬೇಕು. ಬೆಲೆ ಕಡೇಪಕ್ಷ ಅರ್ಧಕ್ಕೆ ಇಳಿದಿರಬೇಕು, ಅದೂ ಕೆಲವೇ ದಿನಕ್ಕೆ. ಕೈಯಿಂದ ದುಡ್ಡು ಹಾಕಿ ಅಗ್ಗಕ್ಕೆ ಮಾರುತ್ತಾರೆ ಅಂದರೆ ಅವರೇನು ದಡ್ಡರಾ? ನಾನು ಒಂದಷ್ಟು ದಿನ ಆ ಈಮೇಲ್‌ಗಳನ್ನು ಗಮನಿಸಿದೆ. ಮತ್ತೆ ಮತ್ತೆ ಕಂಡಿದ್ದು ಸರಣಿಯ ಮೊದಲ ಪುಸ್ತಕ. ಅದೇ ಪತ್ತೇದಾರನ ಎರಡನೆಯದು, ಮೂರನೆಯದು ಪೂರ್ತಿ ಬೆಲೆಗೆ ಪಕ್ಕದಲ್ಲೇ ಕೂತಿರುತ್ತವೆ. ಮೊದಲನೆಯದನ್ನು ಅಗ್ಗಕ್ಕೆ ಕೊಂಡವನು ರಾತ್ರಿ ಎರಡು ಗಂಟೆಗೆ ಮುಗಿಸಿ, ಆ ಬಿಸಿಯಲ್ಲೇ ಎರಡನೆಯದನ್ನು ಕೊಳ್ಳಲಿ ಅನ್ನೋದು ಲೆಕ್ಕ.

ನಿನ್ನ ಹತ್ತಿರ ಇರೋದು ಒಂದೇ ಪುಸ್ತಕ. ರಾತ್ರಿ ಎರಡು ಗಂಟೆಗೆ ನಿನ್ನ ಓದುಗ ಎಲ್ಲಿಗೆ ಹೋಗಬೇಕು? ಬೇರೆಯವರ ಅಂಗಡಿಗೆ ಹೋಗುತ್ತಾನೆ. ಅದಕ್ಕೇ ಹೇಳೋದು, ಇದನ್ನು ಈಗ ಸರಿಯಾದ ಬೆಲೆಗೆ ಇಡು. ನಿನ್ನ ಕಥೆಯ ಆ ಇನ್‌ಸ್ಪೆಕ್ಟರಮ್ಮನನ್ನು ಇಟ್ಟುಕೊಂಡು ಎರಡನೆಯದು ಬರಿ. ಅದು ಬಿಡುಗಡೆಯಾದ ವಾರ ಮೊದಲನೆಯದರ ಬೆಲೆ ಇಳಿಸು. ಎಷ್ಟು ದಿನಕ್ಕೆ ಅಂತ ಮೊದಲೇ ಹೇಳು, ಹೇಳಿದ ದಿನ ಮತ್ತೆ ಏರಿಸು. ವರ್ಷಪೂರ್ತಿ ‘ಕೊನೆಯ ದಿನ’ ಅಂತ ಬ್ಯಾನರ್ ಹಾಕಿಕೊಂಡಿರೋ ಬಟ್ಟೆ ಅಂಗಡಿಯನ್ನು ಯಾರು ನಂಬುತ್ತಾರೆ?

ಇನ್ನು ಪುಕ್ಕಟೆಯ ವಿಷಯ. ಷರ್ಲಾಕ್ ಹೋಮ್ಸ್ ಇವತ್ತು ಪುಕ್ಕಟೆ ಸಿಗುತ್ತಾನೆ. ಅವನ ಕಥೆ ಬರೆದ ಕಾನನ್ ಡಾಯ್ಲ್ ತೀರಿಕೊಂಡಿದ್ದು 1930ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ಹೋದ ಮೇಲೆ 60 ವರ್ಷ ಹಕ್ಕು ಇರುತ್ತದೆ, ಅದು ಯಾವಾಗಲೋ ಮುಗಿಯಿತು. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಒಂದು ಪೈಸೆ ಕೊಡದೆ ಇಳಿಸಿಕೊಳ್ಳಬಹುದು. ಅಂಥವನ ಜೊತೆ ಬೆಲೆಯಲ್ಲಿ ಜಗಳಕ್ಕೆ ನಿಂತರೆ ನೀನು ಗೆಲ್ಲೋದಿಲ್ಲ. ಆದರೆ ಅವನಿಗೆ ನಮ್ಮೂರಿನ ಗೂಡು ಬೇಯಿಸೋ ವಾಸನೆ ಗೊತ್ತಿಲ್ಲ, ನಿನಗೆ ಗೊತ್ತು. ನಿನ್ನ ಎಂಟನೇ ಅಧ್ಯಾಯದಲ್ಲಿ ಆ ವಾಸನೆ ಇದೆ. ಅದಕ್ಕೆ ನಾನಂತೂ 99 ಕೊಡುತ್ತಿದ್ದೆ. (ನೀನು ಪುಕ್ಕಟೆ ಕಳಿಸಿದ್ದೀಯ, ಆ ಮಾತು ಬೇರೆ.)

ಇಂಗ್ಲಿಷಿಗೂ ಮಾಡಿ ಅಮೆಜಾನಿನ ಕಿಂಡಲ್‌ಗೆ ಹಾಕ್ತೀನಿ ಅಂದಿದ್ದೀಯ. 2016ರ ಕೊನೆಗೆ ಕಿಂಡಲ್ ಐದು ಭಾರತೀಯ ಭಾಷೆಗಳನ್ನು ತಂದಾಗ ಅದರಲ್ಲಿ ಕನ್ನಡ ಇರಲಿಲ್ಲ. ಆ ಸಿಟ್ಟು ನನಗಿನ್ನೂ ಇದೆ. ಇರಲಿ. ಅಲ್ಲಿ ನಮ್ಮ ದೇಶದ ಮಾರಾಟಕ್ಕೆ 99ರಿಂದ 449 ರೂಪಾಯಿ ಒಳಗೆ ಬೆಲೆ ಇಟ್ಟು, ಅವರ ಸೆಲೆಕ್ಟ್ ಯೋಜನೆಗೂ ಸೇರಿದರೆ 70 ಪರ್ಸೆಂಟ್ ಲೇಖಕರಿಗೆ. ಅದಕ್ಕಿಂತ ಕಡಿಮೆ ಬೆಲೆಗೆ 35 ಪರ್ಸೆಂಟ್. ತೆರಿಗೆ ಗಿರಿಗೆ ಬಿಟ್ಟು ಲೆಕ್ಕ ಹಾಕು. 99ಕ್ಕೆ ಒಂದು ಮಾರಿದರೆ ಸುಮಾರು 69 ರೂಪಾಯಿ. 49ಕ್ಕೆ ಮಾರಿದರೆ 17. ಒಂದರ ದುಡ್ಡು ಬರೋದಕ್ಕೆ ಸುಮಾರು ನಾಲ್ಕು ಮಾರಬೇಕು. ಸೆಲೆಕ್ಟ್‌ಗೆ ಸೇರಿದ ಮೇಲೆ 90 ದಿನ ಆ ಇ-ಬುಕ್ ಬೇರೆ ಎಲ್ಲೂ ಇರಬಾರದು, ಅದು ನೆನಪಿರಲಿ. ಮಾರುಕಟ್ಟೆಯ ಫೋಟೊಗಳನ್ನು ಒಳಗೆ ಸೇರಿಸೋ ಆಸೆಯನ್ನೂ ಬಿಡು. 70ರ ಲೆಕ್ಕದಲ್ಲಿ ಫೈಲಿನ ಒಂದೊಂದು ಎಂಬಿಗೂ 7 ರೂಪಾಯಿ ಮುರಿದುಕೊಳ್ಳುತ್ತಾರೆ.

ಈಗ ನನ್ನ ಮಾನ ಹೋದ ಕಥೆ ಹೇಳುತ್ತೇನೆ, ನಗಬೇಡ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿದ್ದ ನನ್ನ ಹಳೇ ಕಾದಂಬರಿಯನ್ನು ಇ-ಬುಕ್ ಮಾಡಿಸಿದೆ. ಹಬ್ಬಕ್ಕೆ ಅಂತ ಬೆಲೆ ಅರ್ಧಕ್ಕೆ ಇಳಿಸಿದೆ. ಸ್ಯಾಂಪಲ್ ಓದಿದವರು ಬೇಕಾದಷ್ಟು ಜನ. ಕೊಂಡವರು ಬೆರಳೆಣಿಕೆ. ಯಾಕೆ ಅಂತ ತಲೆ ಕೆಡಿಸಿಕೊಂಡೆ. ಕೊನೆಗೆ ನನ್ನ ತಂಗಿಯ ಮಗಳು ಫೋನ್ ಮಾಡಿ, ‘ದೊಡ್ಡಮ್ಮಾ, ಕೊಲೆಗಾರ ಕಾಂಪೌಂಡರ್ ಅಲ್ವಾ?’ ಅಂದಳು. ಅವಳು ಪುಸ್ತಕ ಕೊಂಡೇ ಇರಲಿಲ್ಲ! ಸ್ಯಾಂಪಲಿನ ಮೊದಲಲ್ಲೇ ಪರಿವಿಡಿ. ಅದರಲ್ಲಿ ಇಪ್ಪತ್ತೆರಡನೇ ಅಧ್ಯಾಯದ ಹೆಸರು ‘ಕಾಂಪೌಂಡರ್ ತಪ್ಪೊಪ್ಪಿಗೆ’. ವಾರಪತ್ರಿಕೆಯಲ್ಲಿ ಪರಿವಿಡಿ ಇರುತ್ತಿರಲಿಲ್ಲ. ಆ ವಾರದ ಹೆಸರು ಆ ವಾರಕ್ಕೆ ಮಾತ್ರ ಕಾಣುತ್ತಿತ್ತು. ಇ-ಬುಕ್ ಮಾಡಿಕೊಟ್ಟ ಹುಡುಗ ಅಧ್ಯಾಯದ ಹೆಸರನ್ನೆಲ್ಲ ಹೆಕ್ಕಿ ಚೆಂದವಾಗಿ ಪಟ್ಟಿ ಮಾಡಿ ಮುಂದೆ ಇಟ್ಟಿದ್ದ. ಅವನ ತಪ್ಪಲ್ಲ, ನಾನೇ ನೋಡಿರಲಿಲ್ಲ. ನಿನ್ನ ಹದಿನೇಳನೇ ಅಧ್ಯಾಯದ ಹೆಸರು ‘ತಮ್ಮನ ಬಲೆ’. ಕೊಲೆಗಾರ ತಮ್ಮನೇ ಅಂತ ಅಲ್ಲೇ ಗೊತ್ತಾಗಿಬಿಡುತ್ತದೆ. ಬದಲಾಯಿಸು. ಬರೀ ಅಂಕಿ ಹಾಕಿದರೂ ಸಾಕು.

ಸ್ಯಾಂಪಲ್ ಅಂದ ಮೇಲೆ ನಮ್ಮಪ್ಪ ನೆನಪಾಗುತ್ತಾರೆ. ಅವರು ರೀಲರ್, ಗೂಡು ಕೊಂಡು ನೂಲು ತೆಗೆಯೋರು. ಹರಾಜಿಗೆ ಮುಂಚೆ ಜಾಲರಿಯಿಂದ ಒಂದು ಹಿಡಿ ಗೂಡು ತೆಗೆದು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಹುಳ ಲೊಟಲೊಟ ಅಂದರೆ ಸರಿ. ಸದ್ದು ಬರಲಿಲ್ಲ ಅಂದರೆ ಸತ್ತು ಕರಗಿ ಒಳಗೇ ಅಂಟಿಕೊಂಡಿದೆ ಅಂತ. ಅದಾದ ಮೇಲೆ ಎರಡು ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಅಷ್ಟೇ. ಮೂಟೆ ಪೂರ್ತಿ ಬಿಚ್ಚಿ ನೋಡೋ ಪುರುಸೊತ್ತು ಯಾರಿಗಿದೆ? ನಿನ್ನ ಓದುಗನೂ ಹಾಗೇ. ಚಿಕ್ಕಬಳ್ಳಾಪುರದಲ್ಲಿ ಬೆಂಗಳೂರು ಬಸ್ ಹತ್ತಿ, ಸೀಟು ಸಿಕ್ಕಿದ ಮೇಲೆ ಫೋನ್ ತೆಗೆಯುತ್ತಾನೆ. ಸ್ಯಾಂಪಲ್ ತೆರೆದು ಅಲ್ಲಾಡಿಸಿ ನೋಡುತ್ತಾನೆ. ಕಿಂಡಲ್‌ನಲ್ಲಿ ಪುಕ್ಕಟೆ ತೋರಿಸೋದು ಪುಸ್ತಕದ ಮೊದಲ ಹತ್ತನೇ ಒಂದು ಭಾಗ. ನಿನ್ನ ಮುನ್ನೂರು ಪುಟದಲ್ಲಿ ಅದು ಮೂವತ್ತು ಪುಟ ಆಯಿತು. ನಿನ್ನ ಹೆಣ ಬೀಳೋದು ನಲವತ್ತೊಂದನೇ ಪುಟದಲ್ಲಿ! ಅಲ್ಲಿವರೆಗೆ ಏನಿದೆ? ಅಜ್ಜನ ಕಾಲದ ಜಮೀನು ವ್ಯಾಜ್ಯ, ನಂದಿ ಬೆಟ್ಟದ ಮಂಜು, ಇನ್‌ಸ್ಪೆಕ್ಟರಮ್ಮನ ಮದುವೆ ಮುರಿದ ಕಥೆ. ಎಲ್ಲ ಚೆನ್ನಾಗಿದೆ, ಆದರೆ ಸದ್ದಿಲ್ಲ. ಇದನ್ನು 49ಕ್ಕೆ ಇಟ್ಟರೂ ಅವನು ದೇವನಹಳ್ಳಿ ಬರೋದರೊಳಗೆ ಫೋನ್ ಜೇಬಿಗೆ ಇಡುತ್ತಾನೆ. ಹೆಣವನ್ನು ಮೊದಲ ಪುಟಕ್ಕೇ ತಾ ಅಂತ ಹೇಳುತ್ತಿಲ್ಲ, ಅದೊಂದು ಹಳೇ ಚಾಳಿ. ನಿನ್ನ ಕಥೆಯಲ್ಲಿ ತೂಕದ ಹೊತ್ತಿಗೆ ಒಂದು ಮೂಟೆ ಜಾಸ್ತಿ ಬರುತ್ತದಲ್ಲ, ಅದನ್ನು ಮೂರನೇ ಪುಟಕ್ಕೆ ತಂದರೆ ಸಾಕು. ಅಜ್ಜ ಆಮೇಲೆ ಬರಲಿ.

ಇನ್ನೊಂದು ಸಣ್ಣ ವಿಷಯ. ನೀನು ಹಳೇ ನುಡಿ ಫಾಂಟಿನಲ್ಲಿ ಬರೆದು ಯೂನಿಕೋಡಿಗೆ ತಿರುಗಿಸಿದ್ದೀಯ ಅಂತ ಕಾಣುತ್ತದೆ. ಅರ್ಕಾವತ್ತು ಇರೋ ಕಡೆಯೆಲ್ಲ ಅಕ್ಷರ ಹಿಂದೆ ಮುಂದೆ ಆಗಿವೆ. ಬೇರೆ ಕಥೆಯಾದರೆ ಓದುಗ ತಾನೇ ಸರಿಮಾಡಿಕೊಂಡು ಓದುತ್ತಾನೆ. ಪತ್ತೇದಾರಿ ಓದುವವನು ಹಾಗಲ್ಲ, ತಪ್ಪಕ್ಷರವನ್ನೂ ಸುಳಿವು ಅಂದುಕೊಳ್ಳುತ್ತಾನೆ. ಪಿಡಿಎಫ್ ಬೇಡ, ಇಪಬ್ ಅನ್ನೋ ಇ-ಬುಕ್ ಫೈಲ್ ಮಾಡಿಸು. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನಾಗೇ ಹೊಂದಿಕೊಳ್ಳುತ್ತದೆ. ಪುಟವನ್ನು ಅತ್ತ ಇತ್ತ ಎಳೆದು ಓದೋ ಕಷ್ಟ ಇರೋದಿಲ್ಲ.

ಕೊನೆಗೆ ಒಂದು ತಕರಾರು. ಕೊಲೆಗಾರ ರಕ್ತ ಹತ್ತಿದ ಅಂಗಿಯನ್ನು ಗೂಡಿನ ಮೂಟೆಯಲ್ಲಿ ಹುದುಗಿಸಿ ಅಟ್ಟದ ಮೇಲೆ ಇಡುತ್ತಾನೆ. ಒಂದು ತಿಂಗಳಾದ ಮೇಲೆ ಇನ್‌ಸ್ಪೆಕ್ಟರಮ್ಮ ಮೂಟೆ ಕೊಯ್ದರೆ ಬೆಳ್ಳನೆ ಗೂಡುಗಳು ಸುರಿಯುತ್ತವೆ ಅಂತ ಬರೆದಿದ್ದೀಯ. ಒಂದು ತಿಂಗಳು! ಅಷ್ಟು ಹೊತ್ತಿಗೆ ಚಿಟ್ಟೆಗಳೆದ್ದು ಮೂಟೆಯೊಳಗೇ ಮೊಟ್ಟೆ ಇಟ್ಟು ಸತ್ತು ಹೋಗಿರುತ್ತವೆ ಕಣಪ್ಪ. ನಮ್ಮೂರಿನ ಐದನೇ ಕ್ಲಾಸಿನ ಹುಡುಗನೂ ಹಿಡಿಯುತ್ತಾನೆ ಇದನ್ನು. ಗೂಡು ಹಾಗೇ ಉಳಿಯಬೇಕಾದರೆ ಯಾರೋ ಅದಕ್ಕೆ ಆವಿ ಕೊಟ್ಟು ಹುಳ ಸಾಯಿಸಿ ಒಣಗಿಸಿರಬೇಕು. ಆ ಕೊಲೆಗಾರ ತಮ್ಮನ ಮನೆಯಲ್ಲಿ ಬರೀ ಎರಡು ಹಸು ಇವೆ ಅಂತ ನೀನೇ ಬರೆದಿದ್ದೀಯ. ಹಾಗಾದರೆ ಆವಿ ಕೊಟ್ಟ ಬಾಯ್ಲರ್ ಯಾರ ಮನೆಯದು? ನಿನ್ನ ಇನ್‌ಸ್ಪೆಕ್ಟರಮ್ಮ ಇದನ್ನು ಕೇಳಲೇ ಇಲ್ಲವಲ್ಲ.

ಇಂತಿ,
ನಿನ್ನ ಅಕ್ಕ
ಶಿಡ್ಲಘಟ್ಟ